ಮೂರನೇ ಸಲಕ್ಕೆ ಒಲಿದ ಸೋಂಪು: ಮೈಸೂರಿನ ಒಂದು ತಾರಸಿ ತೋಟದ ಪ್ರಕರಣ

ಸೋಂಪನ್ನು ನಾವೆಲ್ಲ ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬರುವ ತಟ್ಟೆಯಲ್ಲಿ ನೋಡಿದ್ದೇವೆ. ಸಾಗು, ಕುರ್ಮಾಕ್ಕೆ ಹುರಿದು ಹಾಕುತ್ತೇವೆ. ಆದರೆ ಅದರ ಗಿಡ ನೋಡಿದವರು ನಮ್ಮಲ್ಲಿ ಕಡಿಮೆ. ಅದಕ್ಕೇ ಅದನ್ನು ಮನೆಯಲ್ಲಿ ಬೆಳೆಸಲು ಹೊರಟರೆ, ಗೊತ್ತಿರುವ ಇನ್ಯಾವುದೋ ಗಿಡದ ಲೆಕ್ಕವನ್ನೇ ಇದಕ್ಕೂ ಹಾಕಿಬಿಡುತ್ತೇವೆ. ಕೊತ್ತಂಬರಿ ಬೆಳೆದ ಹಾಗೆ, ಸಬ್ಬಸಿಗೆ ಬೆಳೆದ ಹಾಗೆ. ನಾನು ಇಲ್ಲಿ ಬರೆಯುತ್ತಿರುವ ಮನೆಯಲ್ಲಿ ಆದದ್ದೂ ಅದೇ.

ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಬಿಟ್ಟಿದ್ದೇನೆ. ತೋಟ ಮಾಡುವವರನ್ನು ನಾನು ಯಾವಾಗಲೂ ಅಕ್ಕ ಅಂತ ಕರೆಯುವುದು, ಇಲ್ಲೂ ಹಾಗೇ ಇರಲಿ. ಅವರ ಅತ್ತೆ ನನಗೆ ಅಜ್ಜಿ.

ಹಿನ್ನೆಲೆ

ಮನೆ ಮೈಸೂರಿನಲ್ಲಿ, ಮೂವತ್ತು ನಲವತ್ತರ ಸೈಟು. ಮುಂದೆ ಕಾಂಪೌಂಡಿಗೆ ಅಂಟಿಕೊಂಡು ಎರಡಡಿ ಅಗಲದ ಮಣ್ಣಿನ ಪಟ್ಟಿ ಇದೆ. ಮಿಕ್ಕ ತೋಟವೆಲ್ಲ ತಾರಸಿಯ ಮೇಲೆ. ಅಕ್ಕ ಕೆಲಸದಿಂದ ನಿವೃತ್ತರಾದ ಮೇಲೆ ಶುರು ಮಾಡಿದ್ದು. ಟೊಮೆಟೊ, ಹುರುಳಿಕಾಯಿ, ಮೆಂತ್ಯ, ದಂಟು, ಪುದೀನ ಎಲ್ಲ ಚೆನ್ನಾಗಿ ಬರುತ್ತಿತ್ತು. ಅಂದರೆ ಅವರು ಹೊಸಬರೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ತಪ್ಪುಗಳು ಕೈ ಪಳಗದವರ ತಪ್ಪುಗಳಲ್ಲ.

ಅಜ್ಜಿ ಧಾರವಾಡದ ಕಡೆಯವರು, ಎಂಬತ್ತು ದಾಟಿದೆ. ಊಟ ಆದ ಕೂಡಲೇ ಕೈ ಚಾಚುತ್ತಾರೆ. "ಚೂರು ಬಡೇಸೋಪ ಕೊಡವಾ." ಅವರ ತವರಿನ ಹಿತ್ತಲಲ್ಲಿ ಒಂದು ಕಾಲಕ್ಕೆ ಈ ಗಿಡ ಇತ್ತಂತೆ. ಹಸಿ ಕಾಳನ್ನು ಗಿಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. "ಒಣಗಿದ್ದರೊಳಗ ಆ ರುಚಿ ಇಲ್ಲ" ಅಂತ ಅವರು ಎಷ್ಟು ಸಲ ಹೇಳಿದ್ದರೋ. ಒಂದು ಜೂನ್‌ನಲ್ಲಿ ಅಕ್ಕ ಮನಸ್ಸು ಮಾಡಿದರು. ಅತ್ತೆಗೆ ಹಸಿ ಸೋಂಪು ತಿನ್ನಿಸಬೇಕು, ಅಷ್ಟೇ ಉದ್ದೇಶ.

ಮೊದಲ ಸಲ: ಡಬ್ಬಿಯ ಕಾಳು

ಕೊತ್ತಂಬರಿ ಕಾಳನ್ನು ಅಡುಗೆಮನೆ ಡಬ್ಬಿಯಿಂದಲೇ ತೆಗೆದು, ಒಡೆದು ಬಿತ್ತುತ್ತೇವೆ ಅಲ್ವಾ? ಅಕ್ಕ ಸೋಂಪಿಗೂ ಹಾಗೇ ಮಾಡಿದರು. ಊಟದ ಮೇಲೆ ತಿನ್ನುವ, ಹಚ್ಚಗೆ, ಸಣ್ಣಗೆ, ತೆಳ್ಳಗಿರುವ ಸೋಂಪು. ಟ್ರೇಯಲ್ಲಿ ಒಂದು ಹಿಡಿ ಎರಚಿ ಮೇಲೆ ಮಣ್ಣು ಉದುರಿಸಿದರು. ಮೂರು ವಾರ ಕಾದರು. ಅಷ್ಟು ಕಾಳಿನಲ್ಲಿ ಹುಟ್ಟಿದ್ದು ನಾಲ್ಕೇ ನಾಲ್ಕು. ಅದರಲ್ಲಿ ಎರಡು, ಸತತ ಮಳೆ ಹಿಡಿದ ವಾರದಲ್ಲಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕಾಂಡ ದಾರದ ಹಾಗೆ ಸಣಕಲಾಗಿ ಮಲಗಿಬಿಟ್ಟವು. ಬುಡ ಕೊಳೆತಿತ್ತು. ಇನ್ನೆರಡನ್ನು ಅವರೇ ಹುಲ್ಲು ಅಂದುಕೊಂಡು ಕಿತ್ತರು.

ಹುಲ್ಲು ಅಂದುಕೊಳ್ಳುವುದಕ್ಕೆ ಕಾರಣ ಇದೆ. ಸೋಂಪಿನ ಸಸಿ ಮೊದಲು ಬಿಡುವ ಎರಡು ಎಲೆಗಳು ಉದ್ದಕ್ಕೆ, ಕಿರಿದಾಗಿ, ಥೇಟ್ ಹುಲ್ಲಿನ ಎಸಳಿನ ಹಾಗೇ ಇರುತ್ತವೆ. ಗರಿಗರಿಯಾದ ಎಲೆ ಬರುವುದು ಅದಾದ ಮೇಲೆ. ಗರಿ ಕಾಣುವವರೆಗೆ ಬಿತ್ತಿದ ಜಾಗದಿಂದ ಏನನ್ನೂ ಕೀಳಬಾರದು.

ಕಾಳು ಯಾಕೆ ಹುಟ್ಟಲಿಲ್ಲ ಅನ್ನುವುದು ಆಗ ನಮಗೆ ಹೊಳೆಯಲಿಲ್ಲ. ಹಳೆಯದಿರಬೇಕು ಅಂದುಕೊಂಡೆವು. ಆಮೇಲೆ ಕೂತು ವಿಚಾರ ಮಾಡಿದಾಗ ವಿಷಯ ಬೇರೆಯೇ ಇತ್ತು. ಊಟದ ಮೇಲೆ ತಿನ್ನುವ ಆ ಎಳೇ ಸೋಂಪನ್ನು ಲಖನೌ ಸೋಂಪು ಅನ್ನುತ್ತಾರೆ. ಅದನ್ನು ಕೊಯ್ಯುವುದೇ ಕಾಳು ಪೂರ್ತಿ ಬಲಿಯುವ ಮೊದಲು, ಅರ್ಧ ಗಾತ್ರಕ್ಕೆ ಬಂದಾಗ. ಸಿಹಿಯಾಗಿರಲಿ, ನಾರು ಕಡಿಮೆ ಇರಲಿ, ಹಸಿರಾಗಿರಲಿ ಅಂತ. ತಿನ್ನಲು ಅದು ಬಲು ಚೆನ್ನ. ಆದರೆ ಹೊಟ್ಟೆ ತುಂಬದ ಕಾಳು ಮೊಳಕೆ ಒಡೆಯುವುದಾದರೂ ಹೇಗೆ?

ಅಕ್ಕ ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿದರು. ಮನೆಯಲ್ಲಿದ್ದ ಮೂರು ಥರದ ಸೋಂಪನ್ನು ಇಪ್ಪತ್ತಿಪ್ಪತ್ತು ಕಾಳು ಎಣಿಸಿ, ಒಂದು ರಾತ್ರಿ ನೆನೆಸಿ, ಹೆಸರುಕಾಳು ಮೊಳಕೆ ಕಟ್ಟುವ ಹಾಗೆ ಒದ್ದೆ ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿಟ್ಟರು. ಬಟ್ಟೆ ಒಣಗದ ಹಾಗೆ ದಿನಾ ನೀರು ಚಿಮುಕಿಸಿದರು. ಹನ್ನೆರಡನೇ ದಿನ ಬಿಚ್ಚಿ ಎಣಿಸಿದರೆ, ತೆಳು ಹಸಿರು ಸೋಂಪಿನಲ್ಲಿ ಮೊಳೆತದ್ದು 2. ಮಸಾಲೆಗೆ ತಂದಿದ್ದ ದಪ್ಪ, ಹಳದಿ ಮಿಶ್ರಿತ ಹಸಿರಿನ ಸೋಂಪಿನಲ್ಲಿ 13. ಬೀಜದಂಗಡಿಯಿಂದ ತಂದ ಪೊಟ್ಟಣದಲ್ಲಿ 15. ಮಸಾಲೆಯ ಸೋಂಪು ಬಲಿತ ಮೇಲೆ ಕೊಯ್ದದ್ದು, ಅದಕ್ಕೇ ಬೀಜದ ಪೊಟ್ಟಣಕ್ಕೆ ಸುಮಾರಾಗಿ ಸಮ ಬಂತು. ಕಾಳು ತೀರ ಹಳೆಯದಾಗಿದ್ದರೆ ಅದೂ ಹುಟ್ಟುವುದಿಲ್ಲ ಅನ್ನುವುದು ಬೇರೆ ಮಾತು.

ಎರಡನೇ ಸಲ: ಸಸಿ ಮಾಡಿ ನೆಟ್ಟದ್ದು

ಆಗಸ್ಟ್‌ನಲ್ಲಿ ಪೊಟ್ಟಣದ ಬೀಜ ಟ್ರೇಗೆ ಬಿತ್ತು. ಈ ಸಲ ಹುಟ್ಟಿಗೆ ಮೋಸ ಇಲ್ಲ. ಒಂದೇ ಕಾಳಿನ ಜಾಗದಲ್ಲಿ ಎರಡೆರಡು ಸಸಿ ಎದ್ದದ್ದೂ ಇತ್ತು. ಅದರಲ್ಲಿ ಆಶ್ಚರ್ಯ ಇಲ್ಲ, ನಾವು ಒಂದು ಕಾಳು ಅನ್ನುವುದು ಎರಡು ಹೋಳು ಅಂಟಿಕೊಂಡಿರುವ ಕಾಯಿ. ಒಂದೊಂದು ಹೋಳಿನಲ್ಲೂ ಒಂದೊಂದು ಬೀಜ. ಕೊತ್ತಂಬರಿ ಕಾಳನ್ನು ನಾವು ಉಜ್ಜಿ ಒಡೆಯುವುದೂ ಇದಕ್ಕೇ. ಎರಡೂ ಒಂದೇ ಕುಟುಂಬದವು. ಜೀರಿಗೆ, ಓಂಕಾಳು, ಸಬ್ಬಸಿಗೆ, ಕ್ಯಾರೆಟ್ ಕೂಡ ಅದೇ ಮನೆತನ.

ಕ್ಯಾರೆಟ್ ಅಂದ ಕೂಡಲೇ ನಮಗೆ ಎಚ್ಚರ ಆಗಬೇಕಿತ್ತು. ಕ್ಯಾರೆಟ್ ಸಸಿಯನ್ನು ಯಾರೂ ಕಿತ್ತು ನೆಡುವುದಿಲ್ಲ. ಸೋಂಪಿಗೂ ಅದೇ ಥರ ನೇರ ಕೆಳಕ್ಕಿಳಿಯುವ ತಾಯಿಬೇರು. ಮೇಲೆ ನಾಲ್ಕು ಬೆರಳು ಗರಿ ಕಾಣುವ ಹೊತ್ತಿಗೆ ಕೆಳಗೆ ಅದಕ್ಕಿಂತ ಉದ್ದಕ್ಕೆ ಬೇರು ಹೋಗಿರುತ್ತದೆ. ಟ್ರೇಯ ಆಳ ಎರಡೂವರೆ ಇಂಚು. ಅಕ್ಕ ಟೊಮೆಟೊ ಸಸಿಯ ಹಾಗೆ ಐದು ವಾರ ಅದರಲ್ಲೇ ಬಿಟ್ಟು, ಆಮೇಲೆ ಒಂಬತ್ತು ಇಂಚಿನ ಗ್ರೋ ಬ್ಯಾಗಿಗೆ ನೆಟ್ಟರು. ಮಳೆ ಜೋರಾದಾಗ ಬ್ಯಾಗುಗಳನ್ನು ಶೀಟಿನ ಕೆಳಗೆ ಎಳೆದರು. ಬಿಸಿಲು ಬಂದಾಗ ಹೊರಗೆ ಎಳೆದರು. ಗಿಡದ ಮೇಲಿನ ಕಾಳಜಿಗೇ ಮಾಡಿದ್ದು.

ಗಿಡ ಸಾಯಲಿಲ್ಲ, ಆದರೆ ಬೆಳೆಯಲೂ ಇಲ್ಲ. ಮೊಣಕಾಲುದ್ದ ಬರುವಷ್ಟರಲ್ಲಿ ನಡುವಿನಿಂದ ಹೂದಂಟು ಎದ್ದುಬಿಟ್ಟಿತು. ಕಷ್ಟಕ್ಕೆ ಸಿಕ್ಕಿದ ಗಿಡ ಹೀಗೇ ಮಾಡುವುದು, ಬೇಗ ಬೀಜ ಕಟ್ಟಿ ಮುಗಿಸಲು ನೋಡುತ್ತದೆ. ಅಂಗೈ ಅಗಲದ ನಾಲ್ಕೈದು ಕೊಡೆ, ಅಂದರೆ ಬಿಚ್ಚಿದ ಕೊಡೆಯ ಹಾಗೆ ಹರಡಿದ ಹೂಗೊಂಚಲು, ಬಿಟ್ಟಿತು. ಕಾಳು ತುಂಬಲಿಲ್ಲ.

ಒಂದು ಗಿಡವನ್ನು ನಾವಿಬ್ಬರೂ ಕೂತು ಬ್ಯಾಗು ಸೀಳಿ ಹೊರಗೆ ತೆಗೆದೆವು. ಬೇರನ್ನು ಬಕೆಟ್ ನೀರಿನಲ್ಲಿ ತೊಳೆದೆವು. ತಾಯಿಬೇರು ಎರಡು ಇಂಚು ಕೆಳಗೆ ಹೋಗಿ, ಅಲ್ಲಿಂದ ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯ ಹಾಗೆ ಬಾಗಿ ಮೇಲಕ್ಕೆ ತಿರುಗಿತ್ತು. ಟ್ರೇಯ ತಳ ಮುಟ್ಟಿದ ದಿನವೇ ಅದು ಬಾಗಿದ್ದು. ಆಮೇಲೆ ದೊಡ್ಡ ಬ್ಯಾಗಿಗೆ ಬಂದರೂ ನೇರ ಆಗಲಿಲ್ಲ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ನೆ ನೋಡುತ್ತಿದ್ದರು. "ಇಷ್ಟು ದಿನ ನಾನು ಮೇಲೆ ಮೇಲೆ ನೀರು, ಗೊಬ್ಬರ ಹಾಕ್ತಾ ಇದ್ದೆ. ಇದರ ಸಂಕಟ ಇಲ್ಲಿತ್ತು ನೋಡಿ" ಅಂದರು. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಿರುವು ಅದೇ ಬೆಳಗ್ಗೆ. ಬಾಡಿದ ಗಿಡವನ್ನು ಕಿತ್ತು ಬಿಸಾಡುವ ಮೊದಲು ಬೇರು ತೊಳೆದು ನೋಡುವುದನ್ನು ನಾನೂ ಅವತ್ತಿನಿಂದ ರೂಢಿ ಮಾಡಿಕೊಂಡೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಅಕ್ಕನ ತಮ್ಮ ಕೇಳಿಯೂ ಕೇಳಿದರು. ಗುಜರಾತಿನ ರೈತರು ಜೂನ್, ಜುಲೈನಲ್ಲಿ ಮಡಿಯಲ್ಲಿ ಸಸಿ ಮಾಡಿ, ಆಮೇಲೆ ಕಿತ್ತು ಹೊಲಕ್ಕೆ ನೆಡುತ್ತಾರಲ್ಲ, ಅವರಿಗೆ ಬರುವುದು ನಮಗೆ ಯಾಕೆ ಬರಬಾರದು? ನಿಜ, ಅಲ್ಲಿ ಮುಂಗಾರಿನ ಸೋಂಪು ನಾಟಿ ಮಾಡಿದ ಬೆಳೆಯೇ. ಆದರೆ ಅವರ ಸಸಿ ಬೆಳೆಯುವುದು ಹೊಲದ ಮಡಿಯಲ್ಲಿ. ಬೇರಿಗೆ ತಳ ಅನ್ನುವುದು ಇಲ್ಲ. ನೆಟ್ಟ ಮೇಲೂ ಕೆಳಗೆ ಮಣ್ಣೇ ಮಣ್ಣು. ಅಕ್ಕನ ಸಸಿಗೆ ಎರಡು ಕಡೆಯೂ ತಳ ಸಿಕ್ಕಿತು. ಹಾಗಾಗಿ ಸೋಂಪನ್ನು ಕಿತ್ತು ನೆಡಲೇಬಾರದು ಅಂತ ನಾನು ಹೇಳುವುದಿಲ್ಲ. ಕುಂಡದಲ್ಲಿ ಬೆಳೆಸುವವರು ಆ ಸಾಹಸಕ್ಕೆ ಹೋಗದಿರುವುದು ಒಳ್ಳೆಯದು ಅನ್ನುತ್ತೇನೆ.

ಈ ಎರಡನೇ ಸುತ್ತಿನಲ್ಲೇ ಇನ್ನೊಂದು ಘಟನೆ. ಮನೆಕೆಲಸಕ್ಕೆ ಬರುವವರಿಗೆ ಒಂದು ದಿನ ತಾರಸಿಯಿಂದ ಸಬ್ಬಸಿಗೆ ಸೊಪ್ಪು ಕಿತ್ತು ತರಲು ಹೇಳಿದ್ದರು. ಅವರು ಪಕ್ಕದ ಬ್ಯಾಗುಗಳಲ್ಲಿದ್ದ ಎಳೇ ಸೋಂಪನ್ನು ಬುಡ ಸಮೇತ ಕತ್ತರಿಸಿ ತಂದರು. ಅವರ ತಪ್ಪಲ್ಲ, ಕಣ್ಣಿಗೆ ಎರಡೂ ಒಂದೇ. ಅದನ್ನು ಅಕ್ಕಿ ರೊಟ್ಟಿಗೆ ಕಲಸಿ, ಹೆಂಚಿನ ಮೇಲೆ ತಟ್ಟಿದಾಗ ಮನೆ ತುಂಬ ಸಿಹಿ ಘಮ. ಅಜ್ಜಿ ಒಂದು ತುಂಡು ಬಾಯಿಗಿಟ್ಟುಕೊಂಡು, "ಇದು ಸಬ್ಬಸಗಿ ಅಲ್ಲವಾ, ಬಡೇಸೋಪ ಐತಿ. ಆದ್ರ ರುಚಿ ಐತಿ" ಅಂದರಂತೆ. ಎರಡನೇ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಂಡರಂತೆ.

ಅಲ್ಲಿಯವರೆಗೆ ಅಕ್ಕನಿಗೆ ಸೋಂಪು ಅಂದರೆ ಕಾಳು ಮಾತ್ರ. ಸೊಪ್ಪೂ ಅಡುಗೆಗೆ ಬರುತ್ತದೆ ಅನ್ನುವುದು ಈ ಆಕಸ್ಮಿಕದಿಂದಲೇ ಗೊತ್ತಾದದ್ದು. ಆಮೇಲೆ ಅವರು ಎರಡನ್ನೂ ಬೇರೆ ಮಾಡಿ ಗುರುತಿಸಲು ಕಲಿತರು. ಒಂದು ಗರಿಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಸಾಕು. ಸೋಂಪು ಸಿಹಿ ವಾಸನೆ, ಸಬ್ಬಸಿಗೆಯದು ಘಾಟು. ಸ್ವಲ್ಪ ಬಲಿತ ಮೇಲಾದರೆ ಸೋಂಪಿನ ಎಲೆದಂಟಿನ ಬುಡ ಅಗಲವಾಗಿ, ಕಾಂಡವನ್ನು ತಬ್ಬಿ ಹಿಡಿದ ಹಾಗೆ ಕಾಣುತ್ತದೆ.

ನಡುವೆ ಒಂದು ಗಡ್ಡೆಯ ಆಸೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಕ್ಕನ ಮಗಳು ಜರ್ಮನಿಯಲ್ಲಿದ್ದಾಳೆ. ಅಲ್ಲಿ ಸೋಂಪಿನ ಗಡ್ಡೆಯನ್ನು ತರಕಾರಿಯಾಗಿ ಮಾರುತ್ತಾರೆ. ಈರುಳ್ಳಿಯಷ್ಟು ದಪ್ಪ, ಬೆಳ್ಳಗೆ, ಗರಿಗರಿ. ಅವಳು ಫೋಟೊ ಕಳಿಸಿದ್ದೇ ಅಕ್ಕ ಆನ್‌ಲೈನಿನಲ್ಲಿ ಆ ಬೀಜ ತರಿಸಿ ಜನವರಿ ಕೊನೆಗೆ ಬಿತ್ತಿದರು. ಗಡ್ಡೆ ಸೋಂಪು ಬೇರೆಯೇ ತಳಿ. ಬುಡ ದಪ್ಪ ಆಗಬೇಕಾದರೆ ತಂಪು ಬೇಕು, ಮಣ್ಣಿನ ಹಸಿ ಆರಬಾರದು. ಮೈಸೂರಿನ ಮಾರ್ಚ್ ಬಿಸಿಲು ಮೂವತ್ಮೂರು, ಮೂವತ್ನಾಲ್ಕು ಡಿಗ್ರಿ ಮುಟ್ಟುವ ಹೊತ್ತಿಗೆ ಬುಡ ಬೆರಳಿನಷ್ಟೂ ದಪ್ಪ ಆಗಿರಲಿಲ್ಲ, ಹೂದಂಟು ಮಾತ್ರ ಎದ್ದಿತ್ತು. ಅಲ್ಲಿಗೆ ಆ ಆಸೆ ಬಿಟ್ಟರು. ಇದರಿಂದ ಒಂದು ಉಪಕಾರ ಆಯಿತು. ಸೋಂಪಿನಲ್ಲಿ ಸೊಪ್ಪು, ಕಾಳು, ಗಡ್ಡೆ ಅಂತ ಮೂರು ಗುರಿ ಇದೆ, ಒಂದೇ ಗಿಡದಿಂದ ಮೂರನ್ನೂ ಕೇಳಬಾರದು ಅನ್ನುವುದು ಸ್ಪಷ್ಟ ಆಯಿತು.

ಮೂರನೇ ಸಲ

ಮಳೆಗಾಲ ಮುಗಿಯಲಿ ಅಂತ ಅಕ್ಕ ಕಾದರು. ಈ ಕಾಯುವುದು ಸುಲಭ ಇರಲಿಲ್ಲ. ಅಜ್ಜಿಯ ಆರೋಗ್ಯ ಆ ವರ್ಷ ಅಷ್ಟಕ್ಕಷ್ಟೆ ಇತ್ತು. ಅಕ್ಕನಿಗೆ ಒಳಗೊಳಗೇ ಅವಸರ. ಜುಲೈನಲ್ಲೇ ಬಿತ್ತೋಣವಾ ಅಂತ ಎರಡು ಸಲ ಫೋನ್ ಮಾಡಿದ್ದರು. ರಾಜಸ್ಥಾನದಲ್ಲಿ ಹಿಂಗಾರಿಗೆ ಸೋಂಪನ್ನು ನೇರವಾಗಿ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗಿಡ ಬೆಳೆಯುವಾಗ ಚಳಿ, ಕಾಳು ಬಲಿಯುವಾಗ ಒಣ ಹವೆ, ಅದು ಬಯಸುವುದು ಇದನ್ನೇ. ನಮ್ಮಲ್ಲಿ ಅಕ್ಟೋಬರ್ ಮಳೆಯೂ ಇರುವುದರಿಂದ ತಿಂಗಳ ಕೊನೇ ವಾರಕ್ಕೆ ಇಟ್ಟುಕೊಂಡೆವು.

ಪಾತ್ರೆ ಆಯ್ಕೆಯಲ್ಲೇ ಅರ್ಧ ಕೆಲಸ ಇತ್ತು. ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್ ಐದು ತಂದರು. ಒಂದೂಕಾಲು ಅಡಿ ಆಳ ಇದೆ. ಕಾಯಿಸಿದ ಕಬ್ಬಿಣದ ಸರಳಿನಿಂದ ತಳಕ್ಕೆ ಏಳೆಂಟು ತೂತು. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು, ಬಕೆಟ್ಟಿಗೊಂದು ಹಿಡಿ ಬೇವಿನ ಹಿಂಡಿ. ಬೆಳಗ್ಗೆಯಿಂದ ಆರು ಗಂಟೆ ಬಿಸಿಲು ಬೀಳುವ ಪೂರ್ವದ ಮೂಲೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಬಕೆಟ್ ಕೂರಿಸಿದರು. ಇನ್ನು ಅದು ಅಲ್ಲಿಂದ ಕದಲಬಾರದು ಅಂತ ನಿಶ್ಚಯ. ತುಂಬಿದ ಮೇಲೆ ಒಂದೊಂದೂ ಇಪ್ಪತ್ತು ಕೆಜಿ ಮೇಲಿರುವುದರಿಂದ ಕದಲಿಸುವ ಮನಸ್ಸೂ ಬರುವುದಿಲ್ಲ. ಸೋಂಪು ಪಕ್ಕದ ಗಿಡಗಳ ಬೆಳವಣಿಗೆಗೆ ಅಡ್ಡಿ ಮಾಡುತ್ತದೆ ಅಂತ ತೋಟದವರಲ್ಲಿ ಮಾತಿದೆ. ಬಕೆಟ್ ಬೇರೆ ಬೇರೆ ಆದ್ದರಿಂದ ಆ ಚಿಂತೆ ಇಲ್ಲಿ ಬರಲಿಲ್ಲ. ಆದರೂ ಟೊಮೆಟೊ, ಹುರುಳಿಕಾಯಿಯನ್ನು ಆ ಮೂಲೆಗೆ ತರಲಿಲ್ಲ.

ಒಂದು ರಾತ್ರಿ ನೆನೆಸಿದ ಕಾಳು, ಬಕೆಟ್ಟಿಗೆ ಐದು, ಅರ್ಧ ಇಂಚಿಗಿಂತ ಆಳ ಇಲ್ಲದ ಹಾಗೆ. ಒಂಬತ್ತನೇ ದಿನದಿಂದ ಹುಟ್ಟಲು ಶುರು. ಮೂರು ವಾರಕ್ಕೆ ಗರಿ ಬಂತು. ಈಗ ಕಷ್ಟದ ನಿರ್ಧಾರ: ಬಕೆಟ್ಟಿಗೆ ಒಂದೇ ಗಿಡ ಉಳಿಸಬೇಕು.

ಹೋದ ವರ್ಷ ಒಂದು ಸಸಿ ಹುಟ್ಟಿದರೆ ಸಾಕು ಅಂತ ಕಾದವರು ಅವರು. ಈಗ ನೆಟ್ಟಗಿರುವ ನಾಲ್ಕನ್ನು ತೆಗೆಯಬೇಕು ಅಂದರೆ ಕೈ ಬರುತ್ತದೆಯೇ? ಇಬ್ಬರಿಬ್ಬರು ಇರಲಿ ಅಂದರು. ಒಂದು ಬಕೆಟ್ಟಿನಲ್ಲಿ ಹಾಗೇ ಬಿಟ್ಟೆವು, ಉಳಿದ ನಾಲ್ಕರಲ್ಲಿ ಒಂದೊಂದೇ. ಕೀಳಲಿಲ್ಲ, ಪಕ್ಕದ ಬೇರು ಅಲುಗಬಾರದೆಂದು ಕತ್ತರಿಯಿಂದ ಬುಡಕ್ಕೆ ಕತ್ತರಿಸಿದೆವು. ಕತ್ತರಿಸಿದ ಸಸಿಗಳು ಅವತ್ತಿನ ಕಾಯಿ ಚಟ್ನಿಗೆ ಹೋದವು. ಎರಡು ತಿಂಗಳ ನಂತರ ನೋಡಿದರೆ ಜೋಡಿ ಗಿಡದ ಬಕೆಟ್ಟಿನಲ್ಲಿ ಎರಡೂ ಸೇರಿ ಒಂದು ಗಿಡದಷ್ಟು ಸೊಪ್ಪೂ ಬಿಟ್ಟಿರಲಿಲ್ಲ. ಮೊದಲು ಹೂದಂಟು ಎದ್ದದ್ದೂ ಅದರಲ್ಲೇ.

ಇನ್ನೊಂದು ನಿರ್ಧಾರ ಡಿಸೆಂಬರ್ ಮಧ್ಯದಲ್ಲಿ ಆದದ್ದು. ಗಿಡ ಮಂಡಿ ದಾಟಿತ್ತು. ಸೊಪ್ಪು ಕೊಯ್ಯಬಹುದು. ಆದರೆ ಅಜ್ಜಿಗೆ ಬೇಕಾದದ್ದು ಕಾಳು. ಸೊಪ್ಪು ಕೊಯ್ಯುತ್ತಾ ಹೋದರೆ ಕಾಳಿಗೆ ಬಲ ಸಾಲದು. ಹೂದಂಟು ಎದ್ದ ಮೇಲೆ ಸೊಪ್ಪು ಕಡಿಮೆಯಾಗಿ ಒರಟಾಗುತ್ತದೆ. ಎರಡೂ ಬೇಕು ಅಂದರೆ ಗಿಡಗಳನ್ನೇ ಹಂಚಬೇಕು. ಅಕ್ಕ ಬಕೆಟ್ಟುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದೇಬಿಟ್ಟರು: ಎರಡರ ಮೇಲೆ "ಅಜ್ಜಿ", ಮೂರರ ಮೇಲೆ "ರೊಟ್ಟಿ". ಅಜ್ಜಿ ಬಕೆಟ್ಟಿನ ಗಿಡಕ್ಕೆ ಆಮೇಲೆ ಯಾರೂ ಕತ್ತರಿ ತಾಗಿಸಲಿಲ್ಲ. ರೊಟ್ಟಿ ಬಕೆಟ್ಟುಗಳಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಹೊರಗಿನ ದಂಟುಗಳನ್ನು ಮಾತ್ರ ಕೊಯ್ದರು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಲಿಲ್ಲ. ನಡುವಿನಿಂದ ಹೂದಂಟು ಕಂಡ ಕೂಡಲೇ ಚಿವುಟಿದರು. ಆ ಚಳಿಗಾಲ ಪೂರ್ತಿ ಅವರ ಮನೆಯಲ್ಲಿ ಸೋಂಪು ಸೊಪ್ಪಿನ ಅಕ್ಕಿ ರೊಟ್ಟಿ, ಮೊಸರು ಬಜ್ಜಿ, ಹೆಸರುಬೇಳೆ ಪಲ್ಯ. ನಾನೂ ತಿಂದಿದ್ದೇನೆ. ಪಲ್ಯಕ್ಕೆ ಕೊನೆಯಲ್ಲಿ ಹಾಕಿ ಒಲೆ ಆರಿಸಿದರೆ ಚೆನ್ನ, ಜಾಸ್ತಿ ಬೆಂದರೆ ಘಮ ಹಾರಿಹೋಗುತ್ತದೆ.

ಫೆಬ್ರವರಿಯ ಹೇನು

ಜನವರಿ ಮಧ್ಯಕ್ಕೆ ಅಜ್ಜಿ ಬಕೆಟ್ಟುಗಳಲ್ಲಿ ಹೂದಂಟು ಎದ್ದಿತು. ಗಿಡ ಐದಡಿ ಮುಟ್ಟಿತು. ತಾರಸಿಯ ಗಾಳಿಗೆ ವಾಲದಂತೆ ಬಿದಿರು ಕಡ್ಡಿ ನಿಲ್ಲಿಸಿ ಹಳೇ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿದರು. ಫೆಬ್ರವರಿ ಶುರುವಿಗೆ ಹಳದಿ ಕೊಡೆಗಳು ಅರಳಿದವು. ಬೆಳಗ್ಗೆ ಎಂಟಕ್ಕೆಲ್ಲ ತುಡುವೆ ಜೇನು, ಮುಜಂಟಿ, ಸಣ್ಣ ಸಣ್ಣ ನೊಣಗಳು ಗುಂಯ್ ಅಂತ ತುಂಬಿಕೊಳ್ಳುತ್ತಿದ್ದವು.

ಎರಡು ವಾರಕ್ಕೆ ಫೋನ್ ಬಂತು. "ಎಲ್ಲಾ ಹೋಯ್ತು ಕಣ್ರೀ, ಹೇನು ಹತ್ತಿಬಿಟ್ಟಿದೆ."

ಹೋಗಿ ನೋಡಿದೆ. ಎಳೇ ಕಾಯಿ ಕಟ್ಟುತ್ತಿದ್ದ ಕೊಡೆಗಳ ಕಡ್ಡಿಗಳಿಗೆ ಗಿಡಹೇನು ಒತ್ತೊತ್ತಾಗಿ ಅಂಟಿತ್ತು. ಕೆಳಗಿನ ಎಲೆ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟು. ಕಾಂಡದ ಮೇಲೆ ಇರುವೆಗಳ ಸಾಲು. ಅಕ್ಕನ ಕೈಯಲ್ಲಿ ಆಗಲೇ ಬೇವಿನ ಎಣ್ಣೆ ಕಲಸಿದ ಸ್ಪ್ರೇ ಬಾಟಲಿ. ಅಷ್ಟೇ ಅಲ್ಲ, ಒಂದು ಕಾಗದದ ಮೇಲೆ ಕಿತ್ತು ಹಾಕಿದ ಆರೇಳು ಹುಳು. "ನೋಡಿ, ಹೇನಿನ ಜೊತೆ ಇವೂ ಬಂದಿವೆ" ಅಂದರು. ಅಕ್ಕಿಕಾಳಿನಷ್ಟು ಉದ್ದ, ಕಪ್ಪು ಮೈ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯ ಆಕಾರ. ನೋಡಿದರೆ ಯಾರಿಗಾದರೂ ಪೀಡೆ ಅಂತಲೇ ಅನ್ನಿಸಬೇಕು. ಅವು ಗುಲಗಂಜಿ ಹುಳುವಿನ ಮರಿಗಳು. ಹೇನನ್ನು ಹುಡುಕಿ ಹುಡುಕಿ ತಿನ್ನುವವೇ ಅವು. ನಾನು ಒಂದನ್ನು ಕಡ್ಡಿಯಿಂದ ಮತ್ತೆ ಕೊಡೆಯ ಮೇಲೆ ಬಿಟ್ಟೆ. ಅರ್ಧ ನಿಮಿಷ ಆಗಿರಲಿಲ್ಲ, ಒಂದು ಹೇನನ್ನು ಕಚ್ಚಿ ಹಿಡಿಯಿತು. ಅಕ್ಕ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ಬಾಟಲಿ ಕೆಳಗಿಟ್ಟರು.

ಆದರೆ ಸುಮ್ಮನೆ ಕೂರುವ ಹಾಗೂ ಇರಲಿಲ್ಲ. ಹೂವಿದ್ದಾಗ ಏನು ಹೊಡೆದರೂ ಜೇನಿಗೆ ತೊಂದರೆ, ಈ ಮರಿಗಳಿಗೂ ತೊಂದರೆ. ಜೊತೆಗೆ ಅಜ್ಜಿ ಹಸಿಯಾಗಿ ತಿನ್ನುವ ಕಾಳು ಅದು. ತೀರ ಕೆಟ್ಟಿದ್ದ ಎರಡು ಕೊಡೆಗಳನ್ನು ಕತ್ತರಿಸಿ, ಕವರಿನಲ್ಲಿ ಕಟ್ಟಿ ಹೊರಗೆ ಹಾಕಿದೆವು. ಮಿಕ್ಕದ್ದಕ್ಕೆ ಜೇನು ಮನೆಗೆ ಹೋದ ಮೇಲೆ ಸಂಜೆ ಪೈಪಿನ ನೀರನ್ನೇ ಕೆಳಗಿನಿಂದ ಮೇಲಕ್ಕೆ ಹೊಡೆದು ಹೇನು ಉದುರಿಸಿದೆವು. ಮರಿಗಳು ಇದ್ದ ಕೊಡೆ ಬಿಟ್ಟು. ಇರುವೆ ಹತ್ತದಂತೆ ಬಕೆಟ್ ಕೆಳಗಿನ ಇಟ್ಟಿಗೆಗಳನ್ನು ನೀರು ತುಂಬಿದ ಅಗಲ ತಟ್ಟೆಗಳಲ್ಲಿ ಇಟ್ಟೆವು. ಇರುವೆಗಳು ಹೇನಿನ ಸಿಹಿಗೆ ಬಂದು ಗುಲಗಂಜಿ ಹುಳುಗಳನ್ನೇ ಓಡಿಸುತ್ತವೆ. ಆ ಕಾವಲು ತಪ್ಪಿಸಿದರೆ ಮರಿಗಳ ಕೆಲಸ ಸಲೀಸು. ಕದಲಿಸುವುದಿಲ್ಲ ಅಂದಿದ್ದ ಬಕೆಟ್ಟನ್ನು ಅವತ್ತು ಒಂದು ಸಲ ಎತ್ತಲೇಬೇಕಾಯಿತು, ಇಬ್ಬರು ಹಿಡಿದು, ಅಲ್ಲೇ ಇಳಿಸಿದೆವು.

ಹತ್ತು ಹನ್ನೆರಡು ದಿನದಲ್ಲಿ ಹೇನು ಬಹಳ ಕಡಿಮೆಯಾಯಿತು. ನಷ್ಟ ಆಗಲಿಲ್ಲ ಅಂತ ಹೇಳಲಾರೆ. ಒಂದು ಗಿಡದಲ್ಲಿ ಮೂರನೇ ಒಂದು ಭಾಗ ಕಾಳು ಸುರುಟಿ ಹಾಳಾಯಿತು. ಅಷ್ಟನ್ನು ಬಿಟ್ಟುಕೊಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ದಿನ ಬಾಟಲಿ ಒತ್ತಿದ್ದರೆ ಹೇನಿನ ಜೊತೆ ಅದನ್ನು ತಿನ್ನುವವರೂ ಹೋಗುತ್ತಿದ್ದರು. ಮುಂದಿನ ಹೇನು ಬಂದಾಗ ಕೇಳುವವರು ಯಾರೂ ಇರುತ್ತಿರಲಿಲ್ಲ. ಇದೇ ಹೇನು ನವೆಂಬರಿನಲ್ಲಿ, ಹೂವಿಲ್ಲದಾಗ, ಎಳೇ ಗಿಡಕ್ಕೆ ಬಂದಿದ್ದರೆ ನಾನೇ ಸಂಜೆ ಹೊತ್ತು ಲೀಟರಿಗೆ ಐದು ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಹೊಡೆಯಲು ಹೇಳುತ್ತಿದ್ದೆ.

ಕೊಯ್ಲು

ಸೋಂಪಿನ ಕೊಡೆಗಳು ಒಟ್ಟಿಗೆ ಬಲಿಯುವುದಿಲ್ಲ. ನಡುವಿನದು ಮೊದಲು, ಪಕ್ಕದವು ಆಮೇಲೆ. ಗಿಡವನ್ನು ಒಂದೇ ಸಲ ಕತ್ತರಿಸಿದರೆ ಅರ್ಧ ಎಳಸು, ಅರ್ಧ ಉದುರು. ಮಾರ್ಚ್ ಮೊದಲ ವಾರ ಅಕ್ಕ ನಡುವಿನ ಕೊಡೆಯೊಂದನ್ನು ದಂಟು ಸಮೇತ ಕತ್ತರಿಸಿ ಕೆಳಗೆ ತಂದರು. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ವರಾಂಡದ ಕುರ್ಚಿಯಲ್ಲಿ ಕೂತಿದ್ದವರ ಮಡಿಲಲ್ಲಿ ಇಟ್ಟರು. ಹಸಿರು, ದುಂಡಗೆ ತುಂಬಿದ, ಮೇಲೆ ಗೆರೆ ಎದ್ದ ಕಾಳು. ಅಜ್ಜಿ ಕೊಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಒಂದೊಂದೇ ಕಾಳನ್ನು ಹೆಬ್ಬೆರಳ ಉಗುರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡರು. ಮಾತಾಡಲಿಲ್ಲ. ಹತ್ತು ಹದಿನೈದು ಕಾಳು ತಿಂದ ಮೇಲೆ ಸೊಸೆಯ ಕೈಗೂ ನಾಲ್ಕು ಹಾಕಿ, "ಹಿಡಿ, ನೀನೂ ತಿನ್ನು" ಅಂದರು.

ಮಾರ್ಚ್ ಪೂರ್ತಿ ಹೀಗೆ ಬಲಿತ ಹಾಗೆ ಕೊಯ್ದರು. ಒಣಗಿಸಿದ್ದು ನೆರಳಲ್ಲಿ, ಬಿದಿರಿನ ತಟ್ಟೆಯ ಮೇಲೆ ತೆಳುವಾಗಿ ಹರಡಿ. ಬಿಸಿಲಿಗೆ ಹಾಕಿದರೆ ಹಸಿರು ಹೋಗಿ ಹಳದಿ ಆಗುತ್ತದೆ. ಎರಡು ಗಿಡದಿಂದ ಹಸಿಯಾಗಿ ತಿಂದದ್ದು ಬಿಟ್ಟು ಒಣಗಿದ ಕಾಳು ಅಡುಗೆಮನೆ ತಕ್ಕಡಿಯಲ್ಲಿ 55 ಗ್ರಾಂ ಬಂತು. ಅಂಗಡಿ ಲೆಕ್ಕದಲ್ಲಿ ಅದಕ್ಕೆ ಏನೂ ಬೆಲೆ ಇಲ್ಲ. ದುಡ್ಡು ಉಳಿಸಲು ಸೋಂಪು ಬೆಳೆಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಸಿ ಕಾಳು ಮತ್ತು ಸೊಪ್ಪು ಅಂಗಡಿಯಲ್ಲಿ ಸಿಗುವುದಿಲ್ಲ. ಬೆಳೆಸುವುದಾದರೆ ಅದಕ್ಕೆ ಬೆಳೆಸಬೇಕು. ಸೊಪ್ಪು ಮಾತ್ರ ಸಾಕು ಅನ್ನುವವರಿಗೆ ಒಂದೇ ಬಕೆಟ್ ಸಾಕು, ನಾಲ್ಕು ಜನರ ಮನೆಗೆ ಧಾರಾಳ ಆಗುತ್ತದೆ.

ಇದನ್ನೆಲ್ಲ ನೋಡಿದ ಮೇಲೆ, ಯಾರಾದರೂ ಸೋಂಪು ಹಾಕಬೇಕು ಅಂದರೆ ನಾನು ಕೇಳುವ ಮೊದಲ ಪ್ರಶ್ನೆ ಬದಲಾಗಿದೆ. ಮುಂಚೆ "ಬಿಸಿಲು ಎಷ್ಟು ಬರುತ್ತೆ" ಅಂತ ಕೇಳುತ್ತಿದ್ದೆ. ಈಗ "ನಿಮಗೆ ಬೇಕಾದ್ದು ಸೊಪ್ಪಾ, ಕಾಳಾ" ಅಂತ ಕೇಳುತ್ತೇನೆ. ಅದು ಗೊತ್ತಾದರೆ ಗಿಡ ಎಷ್ಟು, ಕತ್ತರಿ ಯಾವಾಗ, ಹೂದಂಟು ಚಿವುಟಬೇಕೋ ಬಿಡಬೇಕೋ ಎಲ್ಲ ತಾನಾಗಿ ತೀರ್ಮಾನ ಆಗುತ್ತದೆ. ಎರಡನೇ ಪ್ರಶ್ನೆ ಪಾತ್ರೆಯ ಆಳ. ಒಂದಡಿಗಿಂತ ಕಡಿಮೆ ಅಂದರೆ ಸಬ್ಬಸಿಗೆಯನ್ನೇ ಹಾಕಿ ಅನ್ನುತ್ತೇನೆ, ಅದು ಆರೇಳು ವಾರದಲ್ಲಿ ಕೈಗೆ ಬರುತ್ತದೆ, ಖುಷಿಯಾಗಿ ತಿನ್ನಬಹುದು. ಸೋಂಪಿಗೆ ಐದು ತಿಂಗಳು ಬೇಕು.

ಈಗಿನ ಸ್ಥಿತಿ

ಏಪ್ರಿಲ್‌ನಲ್ಲಿ ಕಾಳು ಕೊಟ್ಟು ಒಣಗಿದ ದಂಟುಗಳನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಜೂನ್ ಮಳೆಗೆ ಐದರಲ್ಲಿ ಮೂರು ಬಕೆಟ್ಟುಗಳ ಬುಡದಿಂದ ಮತ್ತೆ ಗರಿ ಬಂತು. ಸೋಂಪು ಒಂದು ಸಲಕ್ಕೆ ಸಾಯುವ ಗಿಡವಲ್ಲ, ಬೇರು ಚೆನ್ನಾಗಿದ್ದರೆ ಮತ್ತೆ ಚಿಗುರುತ್ತದೆ. ಅವು ಈಗ ರೊಟ್ಟಿಗೆ. ಜೋಡಿ ಗಿಡದ ಬಕೆಟ್ ಮಾತ್ರ ಚಿಗುರಲಿಲ್ಲ. ಕೆಳಗಿನ ಕಾಂಪೌಂಡ್ ಪಟ್ಟಿಯಲ್ಲಿ, ಕೊಡೆ ಹಿಡಿದು ಬರುವಾಗ ಉದುರಿದ ಕಾಳಿನಿಂದ ಒಂದು ಸಸಿ ತಾನಾಗೇ ಹುಟ್ಟಿದೆ. ಗೇಟಿನ ಹತ್ತಿರ, ಓಡಾಡುವ ಕಾಲಿಗೆ ಸಿಗುವ ಜಾಗ. ಅಗೆದು ಬೇರೆ ಕಡೆ ನೆಡುತ್ತೀರಾ ಅಂತ ಕೇಳಿದೆ. ಇಲ್ಲ ಅಂದರು ಅಕ್ಕ. ಸುತ್ತ ನಾಲ್ಕು ಇಟ್ಟಿಗೆ ನಿಲ್ಲಿಸಿದ್ದಾರೆ.

ಬೀಜಕ್ಕೆ ಅಂತ ಹೇನು ಮುಟ್ಟದ ಗಿಡದಿಂದ ಪೂರ್ತಿ ಬಲಿತ ನಲವತ್ತು ಕಾಳನ್ನು ಎಣಿಸಿ, ನ್ಯೂಸ್‌ಪೇಪರಿನ ಪೊಟ್ಟಣ ಕಟ್ಟಿ, ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾರೆ. ಮೇಲೆ ಪೆನ್ನಿನಲ್ಲಿ ಬರೆದಿದೆ: "ಬಡೇಸೋಪು. ಅಕ್ಟೋಬರ್ ಕೊನೆ ವಾರ. ಅಜ್ಜಿಗೆ ಮೂರು ಬಕೆಟ್."